ಯಾವ ಗಾಲಿ ಕೂಗುತ್ತಿದೆ?

ಕಾರಿನ ಸದ್ದನ್ನು ವಿವರಿಸುವಾಗ ಎಂಥ ಮಾತುಗಾರರಿಗೂ ಮಾತು ಸಾಲದು. ಗ್ಯಾರೇಜಿನ ಬಾಗಿಲಲ್ಲಿ ನಿಂತ ವಕೀಲರೂ ಮೇಷ್ಟ್ರೂ ಕೊನೆಗೆ ಬಾಯಿಂದಲೇ ಸದ್ದು ಮಾಡಿ ತೋರಿಸುತ್ತಾರೆ. "ಗುಂಯ್ ಅಂತ ಬರುತ್ತೆ." "ಅಲ್ಲ, ಒಂಥರಾ ಗರಗರ." "ಮುಂದೆ ಎಡಗಡೆ ಇರಬೇಕು, ಟಕ್ ಟಕ್ ಅನ್ನುತ್ತೆ." ಪಳಗಿದ ಮೆಕ್ಯಾನಿಕ್ ಎಲ್ಲವನ್ನೂ ಕೇಳಿಸಿಕೊಂಡು ತಿರುಗಿ ಕೇಳುವುದು ಒಂದೇ ಮಾತು: "ಯಾವಾಗ ಬರುತ್ತೆ ಸರ್?"

ಇಡೀ ಪತ್ತೆಗಾರಿಕೆ ನಿಂತಿರುವುದು ಆ 'ಯಾವಾಗ'ದ ಮೇಲೆ. ಸದ್ದು ಎಂಥದ್ದೆಂಬುದು ಕಿವಿಗೊಂದು ಬಗೆ. ಒಬ್ಬರ ಕರಕರ ಇನ್ನೊಬ್ಬರಿಗೆ ಗರಗರ. ಆದರೆ ನಲವತ್ತರ ವೇಗ ದಾಟಿದ ಮೇಲೆ ಶುರುವಾಗುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ, ಬಲಕ್ಕೆ ತಿರುಗಿದರೆ ಜೋರಾಗುತ್ತದೆ ಎಂಬಂಥ ಸಂಗತಿಗಳು ಯಾರು ಓಡಿಸಿದರೂ ಬದಲಾಗುವುದಿಲ್ಲ. ಕಾರಿನ ಯಜಮಾನರು ಈ ಸಂಗತಿಗಳನ್ನು ಗುರುತು ಮಾಡಿಕೊಂಡು ಹೋದರೆ ಅರ್ಧ ಕೆಲಸ ಆದಂತೆ. ಗುರುತು ಮಾಡಿಕೊಳ್ಳದೆ "ಗಾಲಿ ಸದ್ದು" ಎಂದಷ್ಟೇ ಹೇಳಿದರೆ ಬೇರಿಂಗ್ ಹೋಗಿ, ಟೈರ್ ಹೋಗಿ, ಶಾಕ್ ಅಬ್ಸಾರ್ಬರ್ ಹೋಗಿ, ದುಡ್ಡೂ ಹೋಗಿ, ಸದ್ದು ಮಾತ್ರ ಉಳಿಯುವ ಸಂಭವ ಇದೆ.

ಮೊದಲು ತೀರ್ಮಾನವಾಗಬೇಕಾದದ್ದು ಸದ್ದು ಎಂಜಿನ್ನಿನದೋ ಗಾಲಿಯದೋ ಎಂಬುದು. ಎಂಜಿನ್ ತಿರುಗುವ ಲೆಕ್ಕ ಬೇರೆ, ಗಾಲಿ ತಿರುಗುವ ಲೆಕ್ಕ ಬೇರೆ. ನಡುವೆ ಗೇರ್ ಇದೆ. ಐವತ್ತರ ವೇಗದಲ್ಲಿ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿದಾಗ ಎಂಜಿನ್ನಿನ ಸುತ್ತು ಏರುತ್ತದೆ, ಗಾಲಿಯ ಸುತ್ತು ಇದ್ದಷ್ಟೇ ಇರುತ್ತದೆ. ಸದ್ದೂ ಜೊತೆಗೆ ಏರಿದರೆ ಅದು ಎಂಜಿನ್ ಕಡೆಯದು. ಗೇರ್ ಬದಲಾದರೂ ಸದ್ದು ಕದಲದೆ ಕಾರಿನ ವೇಗವನ್ನೇ ಹಿಡಿದು ಏರಿಳಿಯುತ್ತಿದ್ದರೆ ಅದು ಗಾಲಿಯ ಕಡೆಯದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಕೆಲವು ಕ್ಷಣ ನ್ಯೂಟ್ರಲ್‌ಗೆ ಹಾಕಿಯೂ ಇದನ್ನು ನೋಡಬಹುದು. ಘಟ್ಟದ ಇಳಿಜಾರಿನಲ್ಲಿ ಮಾತ್ರ ಈ ಪರೀಕ್ಷೆ ಕೂಡದು. ಅಲ್ಲಿ ಗೇರ್ ಬಿಟ್ಟ ಕಾರನ್ನು ಹಿಡಿಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಸಣ್ಣದೊಂದು ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಇಂದಿನ ಸಾಮಾನ್ಯ ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 18 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 5 ಮೀಟರ್; ಅಂದರೆ ಗಾಲಿ ಸೆಕೆಂಡಿಗೆ ಎರಡೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು ಸುತ್ತುತ್ತದೆ. ಆ ವೇಗದಲ್ಲಿ ಕೇಳುವ 'ಟಕ್ ಟಕ್' ಹತ್ತು ಸೆಕೆಂಡಿಗೆ ಇಪ್ಪತ್ತಾರರ ಆಸುಪಾಸಿನಲ್ಲಿದ್ದರೆ ಸುತ್ತಿಗೊಮ್ಮೆ ನೆಲಕ್ಕೋ ಪಕ್ಕದ ಭಾಗಕ್ಕೋ ಬಡಿಯುವ ಏನೋ ಒಂದಿದೆ ಎಂದಾಯಿತು. ಬಹುಪಾಲು ಅದು ಟೈರಿನ ಗೀರಿನಲ್ಲಿ ಸಿಕ್ಕಿಕೊಂಡ ಕಲ್ಲು, ಇಲ್ಲವೇ ಮೊಳೆಯ ತಲೆ. ಪಕ್ಕದ ಸೀಟಿನಲ್ಲಿ ಕೂತವರು ಗಡಿಯಾರ ಹಿಡಿದು ಎಣಿಸಿದರೆ ಸಾಕು, ಗ್ಯಾರೇಜಿನ ಮಾತೇ ಬೇಕಾಗದೆ ಹೋಗಬಹುದು. ಮೊಳೆ ಕಂಡರೆ ಅಲ್ಲೇ ಕಿತ್ತು ಬಿಸಾಡುವ ಆತುರ ಬೇಡ. ಒಳಗಿನ ಗಾಳಿಯನ್ನು ಅದೇ ಹಿಡಿದಿಟ್ಟಿರಬಹುದು. ಪಂಕ್ಚರ್ ಅಂಗಡಿಯ ಮುಂದೆ ನಿಂತು ಕಿತ್ತರೆ ಆಯಿತು.

ಇನ್ನು ಎಣಿಸಲು ಬಾರದ ಸದ್ದು, ಅದೇ 'ಗುಂಯ್'. ವೇಗ ಏರಿದಂತೆ ಕೂಗು ಏರುವ, ಹೆದ್ದಾರಿಗೆ ಬಂದ ಮೇಲೆ ಮಾತು ಕೇಳದಷ್ಟು ತುಂಬಿಕೊಳ್ಳುವ ಸದ್ದು. ಮೊದಲ ಗುಮಾನಿ ಬೀಳುವುದು ಬೇರಿಂಗಿನ ಮೇಲೆ.

ಬೇರಿಂಗಿಗೂ ಗಾಡಿಯ ಗಾಲಿಗೂ ಹಳೆಯ ನಂಟು. ಎತ್ತಿನ ಗಾಡಿಯಲ್ಲಿ ಗಾಲಿಯ ಗುಂಭ ಅಚ್ಚಿನ ಮೇಲೆ ಉಜ್ಜುತ್ತಲೇ ಸುತ್ತುತ್ತಿತ್ತು. ಕೀಲೆಣ್ಣೆ ಬತ್ತಿದ ಗಾಡಿಯ ಕೂಗು ಊರಾಚೆಯಿಂದಲೇ ಕೇಳುತ್ತಿತ್ತು. ಉಜ್ಜುವುದನ್ನು ಉರುಳುವುದನ್ನಾಗಿ ಮಾಡುವ ಯೋಚನೆಗೆ, ಅಂದರೆ ಅಚ್ಚಿಗೂ ಗುಂಭಕ್ಕೂ ನಡುವೆ ಗುಂಡುಗಳನ್ನಿಡುವ ಯೋಚನೆಗೆ, ವೇಲ್ಸ್ ದೇಶದ ಕಬ್ಬಿಣದ ಉದ್ಯಮಿ ಫಿಲಿಪ್ ವಾನ್ 1794ರಲ್ಲಿ ಪೇಟೆಂಟ್ ಪಡೆದ. ಅದೂ ಕುದುರೆ ಸಾರೋಟಿನ ಅಚ್ಚಿಗಾಗಿಯೇ. ಆದರೆ ಒಂದೇ ಗಾತ್ರದ, ಒಂದೇ ದುಂಡಿನ ಉಕ್ಕಿನ ಗುಂಡುಗಳನ್ನು ಸಾವಿರಗಟ್ಟಲೆ ಮಾಡುವುದು ಆಗ ಸಾಧ್ಯವಿರಲಿಲ್ಲ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಕ್ ಫಿಶರ್ ಗುಂಡುಗಳನ್ನು ಕರಾರುವಾಕ್ಕಾಗಿ ಅರೆಯುವ ಯಂತ್ರ ಮಾಡಿದ ಮೇಲೆ ಈ ಕಸುಬು ನಿಜವಾಗಿ ನೆಲೆ ಕಂಡಿತು. 1898ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಸಾರೋಟು ತಯಾರಕ ಹೆನ್ರಿ ಟಿಮ್ಕೆನ್, ತಿರುವಿನಲ್ಲಿ ಗಾಲಿಯ ಮೇಲೆ ಬೀಳುವ ಅಡ್ಡ ಒತ್ತಡವನ್ನೂ ತಡೆದುಕೊಳ್ಳುವ ಇಳಿಜಾರು ರೋಲರ್ ಬೇರಿಂಗಿಗೆ ಪೇಟೆಂಟ್ ಪಡೆದ. ಲಾರಿಗಳ, ಟ್ರ್ಯಾಕ್ಟರ್ ಮುಂದಿನ ಗಾಲಿಗಳ ಒಳಗೆ ಈಗಲೂ ಇರುವುದು ಆ ಜಾತಿಯದೇ. ಅದನ್ನು ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ನಟ್ಟಿನಲ್ಲಿ ಬಿಗಿ ಹೊಂದಿಸಬಹುದು. ಇಂದಿನ ಬಹುಪಾಲು ಕಾರುಗಳ ಬೇರಿಂಗ್ ಹಾಗಲ್ಲ. ಎರಡು ಸಾಲು ಗುಂಡುಗಳನ್ನು ಗ್ರೀಸ್ ಸಮೇತ ಮುಚ್ಚಿ ಸೀಲ್ ಮಾಡಿರುತ್ತಾರೆ. ಕೆಟ್ಟರೆ ಬದಲಿಸಬೇಕೇ ಹೊರತು ರಿಪೇರಿ ಇಲ್ಲ.

ಕೆಡುವುದು ಹೇಗೆ? ಕೋಟ್ಯಂತರ ಸುತ್ತು ಭಾರ ಹೊತ್ತ ಉಕ್ಕಿನಲ್ಲಿ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಅದು ಮೇಲಕ್ಕೆ ಬಂದಾಗ ಉಂಗುರದ ಹಾದಿಯಿಂದ ಸಣ್ಣ ಚಕ್ಕೆ ಏಳುತ್ತದೆ. ಆಮೇಲೆ ಪ್ರತಿ ಗುಂಡೂ ಆ ಕುಳಿಯನ್ನು ದಾಟುವಾಗ ಒಮ್ಮೆ ಕುಟ್ಟುತ್ತದೆ. ಒಂದು ಸಾಲಿನಲ್ಲಿ ಹನ್ನೆರಡು ಗುಂಡುಗಳಿದ್ದು ಕುಳಿ ಹೊರಗಿನ ಉಂಗುರದಲ್ಲಿದ್ದರೆ ಗಾಲಿಯ ಒಂದು ಸುತ್ತಿಗೆ ಸುಮಾರು ಐದು ಕುಟ್ಟು. ಅರವತ್ತರ ವೇಗದಲ್ಲಿ ಗಾಲಿ ಸೆಕೆಂಡಿಗೆ ಹತ್ತಿರಹತ್ತಿರ ಒಂಬತ್ತು ಸುತ್ತು. ಅಲ್ಲಿಗೆ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಕುಟ್ಟು. ಇಷ್ಟು ಒತ್ತೊತ್ತಾಗಿ ಬಂದ ಕುಟ್ಟುಗಳನ್ನು ಕಿವಿ ಬಿಡಿಬಿಡಿಯಾಗಿ ಹಿಡಿಯಲಾರದು, ಒಂದೇ ಮೊರೆತವಾಗಿ ಕೇಳುತ್ತದೆ. ಬೇರಿಂಗ್ ಗುಂಯ್‌ಗುಡುವುದರ ಗುಟ್ಟು ಇದೇ.

ವಯಸ್ಸಾಗದೆಯೂ ಬೇರಿಂಗ್ ಕೆಡುತ್ತದೆ. ವೇಗದಲ್ಲಿ ಗುಂಡಿಗೆ ಬಿದ್ದ ಪೆಟ್ಟಿಗೆ, ಫುಟ್‌ಪಾತಿನ ಅಂಚಿಗೆ ಗುದ್ದಿದ ಪೆಟ್ಟಿಗೆ ಗುಂಡುಗಳು ಉಂಗುರದಲ್ಲಿ ಅಚ್ಚೊತ್ತಿದ ಹಾಗೆ ತಗ್ಗು ಮಾಡಿಬಿಡುತ್ತವೆ. ನೀರು ಇನ್ನೂ ಕಳ್ಳ ಶತ್ರು. ಓಡಿ ಬಿಸಿಯಾದ ಗಾಲಿಯ ಹಬ್ (ಗುಂಭ) ತಟ್ಟನೆ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಸೆಳೆಯುತ್ತದೆ. 2022ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಸುತ್ತ ರಸ್ತೆಯೇ ಕೆರೆಯಾದಾಗ ಕಾರುಗಳು ಗಂಟೆಗಟ್ಟಲೆ ನೀರಿನಲ್ಲಿ ನಿಂತವು. ಅಂಥ ಕಾರಿನ ಎಂಜಿನ್ ಒಣಗಿಸಿ ಓಡುವಂತೆ ಮಾಡಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ಸಹಜ. ಬೇರಿಂಗಿನೊಳಗೆ ಹೊಕ್ಕ ಕೆಸರುನೀರು ಮಾತ್ರ ತಿಂಗಳುಗಳ ನಂತರ ತುಕ್ಕಾಗಿ, ಸದ್ದಾಗಿ ಹೊರಬರುತ್ತದೆ. ಆ ಹೊತ್ತಿಗೆ ಮಳೆಯ ನೆನಪು ಯಾರಿಗೂ ಇರುವುದಿಲ್ಲ.

ಬೇರಿಂಗಿನ ಸದ್ದಿಗೆ ರಸ್ತೆಯ ಮೇಲೆಯೇ ಒಂದು ಪರೀಕ್ಷೆ ಇದೆ. ಹಿಂದೆ ಮುಂದೆ ವಾಹನವಿಲ್ಲದ ಅಗಲ ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿಸುವುದು. ಕಾರು ಬಲಕ್ಕೆ ತಿರುಗಿದಾಗ ಭಾರ ಎಡಗಾಲಿಗಳ ಮೇಲೆ ಬೀಳುತ್ತದೆ. ಎಡಕ್ಕೆ ತಿರುಗಿದಾಗ ಬಲಗಾಲಿಗಳ ಮೇಲೆ. ಬಲಕ್ಕೆ ವಾಲಿಸಿದಾಗ ಕೂಗು ಜೋರಾಗಿ, ಎಡಕ್ಕೆ ವಾಲಿಸಿದಾಗ ಅಡಗಿದರೆ ಎಡಗಡೆಯ ಬೇರಿಂಗನ್ನು ಮೊದಲು ನೋಡಬೇಕು. ಇದು ಬಹುಪಾಲು ಸರಿಯಾದ ಗುರುತು, ಕೊನೆಯ ತೀರ್ಪಲ್ಲ. ಎರಡು ಸಾಲು ಗುಂಡುಗಳಲ್ಲಿ ಕೆಟ್ಟದ್ದು ಯಾವ ಸಾಲು ಎಂಬುದರ ಮೇಲೆ ಕೆಲವೊಮ್ಮೆ ಲೆಕ್ಕ ತಿರುಗುಮುರುಗಾಗುತ್ತದೆ.

ಗುಂಯ್‌ಗುಡುವುದರಲ್ಲಿ ಬೇರಿಂಗಿಗೆ ತಕ್ಕ ಜೋಡಿ ಎಂದರೆ ಟೈರ್. ಗಾಳಿ ಹೆಚ್ಚುಕಮ್ಮಿಯಾಗಿ, ಅಲೈನ್‌ಮೆಂಟ್ ತಪ್ಪಿ, ಶಾಕ್ ಅಬ್ಸಾರ್ಬರ್ ಸತ್ತು ಓಡಿದ ಟೈರು ಸಮನಾಗಿ ಸವೆಯದೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ಅಂಥ ಟೈರಿನ ಕೂಗನ್ನೂ ಬೇರಿಂಗಿನ ಕೂಗನ್ನೂ ಕಿವಿಯಿಂದಷ್ಟೇ ಬೇರೆ ಮಾಡುವುದು ನುರಿತವರಿಗೂ ಕಷ್ಟ. ಹೊಸ ಬೇರಿಂಗ್ ಹಾಕಿಸಿದ ಮೇಲೂ ಸದ್ದು ಹೋಗಲಿಲ್ಲ ಎಂಬ ದೂರುಗಳ ಹಿಂದೆ ಹಲವು ಬಾರಿ ಇರುವುದು ಟೈರೇ. ಇಲ್ಲಿ ಕಾರಿನವರ ನೆರವಿಗೆ ಬರುವುದು ರಸ್ತೆ. ಬೆಂಗಳೂರಿನಲ್ಲಿ ಕಾಂಕ್ರೀಟು ಹಾಸಿದ ವೈಟ್ ಟಾಪಿಂಗ್ ರಸ್ತೆಯಿಂದ ಡಾಂಬರು ರಸ್ತೆಗೆ ಇಳಿದ ಕ್ಷಣ ಟೈರಿನ ದನಿ ಬದಲಾಗುತ್ತದೆ. ಬೇರಿಂಗಿನ ದನಿಗೆ ರಸ್ತೆ ಯಾವುದಾದರೂ ಒಂದೇ. ಟೈರಿನ ಮೇಲೆ ಅಂಗೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿದರೆ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ತರಿ ಸಿಗುತ್ತದೆ. ಇನ್ನೂ ಅನುಮಾನವಿದ್ದರೆ ಮುಂದಿನ ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಬೇಕು. ಸದ್ದು ಗಾಲಿಯ ಜೊತೆ ಜಾಗ ಬದಲಿಸಿದರೆ ಬೇರಿಂಗ್ ನಿರ್ದೋಷಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಬೇರಿಂಗ್ ಬಿಚ್ಚಲು ಒಪ್ಪಲೇಬಾರದು.

ತಿರುವಿನಲ್ಲಿ ಮಾತ್ರ ಕೇಳುವ 'ಕಟಕಟ'ದ ಕತೆ ಬೇರೆ. ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದುದು ಹಿಂದಿನ ಗಾಲಿಗೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದ ಮೇಲೆ ದೇಶದ ರಸ್ತೆಗಳಲ್ಲಿ ಮುಂದಿನ ಗಾಲಿಯೇ ಎಳೆಯುವ ಕಾರುಗಳು ತುಂಬಿದವು. ಎಳೆಯುವುದೂ ತಿರುಗುವುದೂ ಒಂದೇ ಗಾಲಿಯ ಕೆಲಸವಾದರೆ, ಎಷ್ಟು ತಿರುಗಿದರೂ ಒಂದೇ ಸಮನೆ ಬಲ ದಾಟಿಸುವ ಕೀಲು ಬೇಕು. ಗ್ಯಾರೇಜಿನಲ್ಲಿ ಸಿ.ವಿ. ಜಾಯಿಂಟ್ ಎನ್ನುವುದು ಅದನ್ನೇ. ಗಾಲಿಯ ಬದಿಯ ಕೀಲಿನೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳಿವೆ. ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್‌ಫ್ರೆಡ್ ರೆಪ್ಪಾ 1920ರ ದಶಕದಲ್ಲಿ ರೂಪಿಸಿದ ಮಾದರಿ ಇದು. ಇದರ ಆಯುಷ್ಯವೆಲ್ಲ ಮೇಲೆ ಕವುಚಿದ ರಬ್ಬರ್ ಬೂಟಿನಲ್ಲಿದೆ. ಬೂಟು ಹರಿದರೆ ಗ್ರೀಸ್ ಹೊರಕ್ಕೆ ಎರಚಿಹೋಗಿ ಧೂಳು ಮರಳು ಒಳಕ್ಕೆ ನುಗ್ಗುತ್ತದೆ. ಗಾಲಿಯ ಒಳಮೈಯಲ್ಲಿ ಕಪ್ಪು ಗ್ರೀಸಿನ ಎರಚಲು ಕಂಡರೆ ಸದ್ದು ಇನ್ನೂ ಶುರುವಾಗದಿದ್ದರೂ ಬೂಟು ಹರಿದಿದೆ ಎಂದೇ ತಿಳಿಯಬೇಕು. ಆಗಲೇ ಬೂಟು ಬದಲಿಸಿ ಹೊಸ ಗ್ರೀಸ್ ತುಂಬಿಸಿದರೆ ಸಣ್ಣ ಖರ್ಚಿನಲ್ಲಿ ಕೀಲು ಉಳಿಯುತ್ತದೆ. ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಧಾನವಾಗಿ ಆಕ್ಸಿಲರೇಟರ್ ಒತ್ತಿದಾಗ ಕಟಕಟ ಕೇಳಿದರೆ ಕೀಲೇ ಸವೆದಿದೆ. ಸಾಮಾನ್ಯವಾಗಿ ತಿರುವಿನ ಹೊರಬದಿಯ ಗಾಲಿಯದು.

ಬ್ರೇಕಿನ ಸದ್ದುಗಳಲ್ಲಿ ಕೆಲವನ್ನು ತಯಾರಕರೇ ಬೇಕೆಂದು ಇಟ್ಟಿರುತ್ತಾರೆ. ಹೊಸ ಬ್ರೇಕ್ ಪ್ಯಾಡಿನ ಉಜ್ಜುವ ಪದರ ಹತ್ತು ಮಿಲಿಮೀಟರಿನ ಆಸುಪಾಸು. ಅದು ಸವೆದು ಎರಡು ಮೂರು ಮಿ.ಮೀ.ಗೆ ಬಂದಾಗ ಪ್ಯಾಡಿಗೆ ಹಚ್ಚಿದ ಸಣ್ಣ ಲೋಹದ ನಾಲಗೆಯೊಂದು ಡಿಸ್ಕಿಗೆ ತಗುಲಿ 'ಕಿರ್ರ್' ಎನ್ನುತ್ತದೆ. ಇದು ಹೆದರಿಸುವ ಸದ್ದಲ್ಲ, ಎಚ್ಚರಿಸುವ ಸದ್ದು. ಎಚ್ಚರಿಕೆ ಕೇಳದೆ ಓಡಿಸಿದರೆ ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೂ ಹಾಳಾಗುತ್ತದೆ, ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ. ಕರಾವಳಿಯ ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಕಾರು ಬೆಳಿಗ್ಗೆ ಮೊದಲ ಕೆಲವು ಬ್ರೇಕಿಗೆ ಗರಗರ ಎನ್ನುವುದು, ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದರೆ ಹೊರಡುವಾಗ ಹಿಂದಿನ ಡ್ರಮ್ಮಿನಿಂದ ಒಮ್ಮೆ 'ಟಕ್' ಎಂದು ಬಿಡಿಸಿಕೊಳ್ಳುವುದು ತೆಳು ತುಕ್ಕಿನ ಆಟ. ನಾಲ್ಕು ಹೆಜ್ಜೆ ಓಡಿದರೆ ಮುಗಿಯಿತು.

ಕೊಡಗು, ಸಕಲೇಶಪುರದ ಕಡೆಯ ತೋಟದ ರಸ್ತೆಗಳಲ್ಲಿ ಓಡಿ ಬಂದ ಕಾರು ಇದ್ದಕ್ಕಿದ್ದಂತೆ ಗಾಲಿಯೇ ಹರಿದುಹೋಗುತ್ತಿದೆಯೇನೋ ಎಂಬಂತೆ ಕಿರುಚತೊಡಗಿದರೆ ಎದೆ ಝಲ್ಲೆನ್ನುತ್ತದೆ. ಬಹಳ ಸಲ ಅದು ಡಿಸ್ಕಿಗೂ ಅದರ ಹಿಂದಿನ ತಗಡಿನ ಮರೆಗೂ ನಡುವೆ ಸಿಕ್ಕ ಒಂದು ಜಲ್ಲಿಕಲ್ಲು. ನಿಲ್ಲಿಸಿ, ಕೆಲವು ಮೀಟರ್ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಓಡಿಸಿದರೆ ಅನೇಕ ವೇಳೆ ತಾನಾಗಿ ಉದುರುತ್ತದೆ. ಗದಗ, ವಿಜಯಪುರ, ಕಲಬುರಗಿಯ ಎರೆಭೂಮಿಯದು ಇನ್ನೊಂದು ಬಗೆ. ಮಳೆಯಲ್ಲಿ ಹೊಲದ ದಾರಿ ಹಿಡಿದ ಕಾರಿನ ಗಾಲಿಯ ಒಳಬದಿಗೆ ಎರೆಮಣ್ಣು ಮೆತ್ತಿ ಒಣಗಿದರೆ ಗಾಲಿಯ ತೂಕ ಒಂದು ಕಡೆಗೆ ವಾಲಿ, ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತದೆ. ಬೇಕಾದದ್ದು ಒಂದು ಪೈಪು ನೀರು.

ಇವೆಲ್ಲಕ್ಕಿಂತ ಬೇರೆಯಾಗಿ ಇಡಬೇಕಾದ ಸದ್ದೊಂದಿದೆ. ನಿಧಾನವಾಗಿ ಹೋಗುವಾಗಲೂ ಗಾಲಿಯಿಂದ 'ಧಡ್ ಧಡ್' ಎಂದು ಬಡಿದ ಹಾಗೆ, ಜೊತೆಗೆ ಸ್ಟೀರಿಂಗಿನಲ್ಲಿ ಓಲಾಟ, ಅದೂ ಇತ್ತೀಚೆಗೆ ಟೈರ್ ಬಿಚ್ಚಿ ಹಾಕಿದ್ದರೆ, ಅಲ್ಲೇ ಬದಿಗೆ ನಿಲ್ಲಿಸಬೇಕು. ಗಾಲಿಯ ನಟ್ಟು ಸಡಿಲವಾಗಿರಬಹುದು. ಇದು ಹಳೆ ಕಾರಿನ ಕಾಯಿಲೆ ಎಂದು ಯಾರೂ ತಿಳಿಯಬಾರದು. 2022ರ ಜೂನ್ ತಿಂಗಳಲ್ಲಿ ಟೊಯೋಟಾ ಕಂಪನಿ ತನ್ನ ಹೊಚ್ಚ ಹೊಸ ವಿದ್ಯುತ್ ಕಾರು ಬಿಝಡ್‌ಫೋರ್‌ಎಕ್ಸ್ ಮಾರುಕಟ್ಟೆಗೆ ಬಂದ ಎರಡು ತಿಂಗಳೊಳಗೆ, ಜಗತ್ತಿನಾದ್ಯಂತ ಸುಮಾರು 2,700 ಕಾರುಗಳನ್ನು ವಾಪಸ್ ಕರೆಯಿತು. ಗಾಲಿಯನ್ನು ಹಿಡಿದ ಬೋಲ್ಟುಗಳು ಸ್ವಲ್ಪ ದೂರ ಓಡಿದ ಮೇಲೆ ಸಡಿಲವಾಗಿ ಗಾಲಿಯೇ ಕಳಚಬಹುದು ಎಂಬ ಕಾರಣಕ್ಕೆ, ಸರಿಪಡಿಸುವವರೆಗೆ ಕಾರನ್ನು ಓಡಿಸಲೇಬೇಡಿ ಎಂದು ಮಾಲೀಕರಿಗೆ ತಿಳಿಸಿತು. ಹಳ್ಳಕ್ಕೆ ಇಳಿದಾಗಲೆಲ್ಲ 'ಕೊಟಕ್' ಎನ್ನುವ, ಗಾಲಿಯನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಸವೆದ ಬಾಲ್ ಜಾಯಿಂಟನ್ನೂ ಇದೇ ಸಾಲಿಗೆ ಸೇರಿಸಬೇಕು. ಅದು ಪೂರ್ತಿ ಕಳಚಿದರೆ ಗಾಲಿ ಹೊರಕ್ಕೆ ಮಗುಚಿಕೊಳ್ಳುತ್ತದೆ. ಲಿಂಕ್ ರಾಡಿನ ಲೊಡಲೊಡವೂ ಹೆಚ್ಚುಕಡಿಮೆ ಹಾಗೇ ಕೇಳುತ್ತದೆ, ಆದರೆ ಅದರಿಂದ ಅಷ್ಟು ಅಪಾಯವಿಲ್ಲ. ಎರಡರಲ್ಲಿ ಯಾವುದು ಎಂಬುದನ್ನು ರಸ್ತೆಯಲ್ಲಿ ಊಹಿಸುತ್ತ ಕೂರದೆ ಕಾರನ್ನು ಮೇಲೆತ್ತಿ ನೋಡುವುದು ಕ್ಷೇಮ.

ಕಿವಿ ಇಲ್ಲಿಯವರೆಗೆ ಸದ್ದಿನ ಜಾತಿಯನ್ನು ಹೇಳಿತು. ಎಲ್ಲಿಂದ ಎಂಬುದನ್ನು ಹೇಳುವುದರಲ್ಲಿ ಮಾತ್ರ ಕಿವಿ ಮೋಸ ಹೋಗುತ್ತದೆ. ಎರಡು ಕಿವಿಗಳಿಗೆ ಸದ್ದು ತಲುಪುವ ಸಮಯದ ಮತ್ತು ಜೋರಿನ ಅಂತರದಿಂದ ಮನುಷ್ಯ ದಿಕ್ಕು ಹಿಡಿಯುತ್ತಾನೆ ಎಂಬುದನ್ನು ಭೌತವಿಜ್ಞಾನಿ ಲಾರ್ಡ್ ರ್ಯಾಲೆ 1907ರಲ್ಲೇ ವಿವರಿಸಿದ್ದ. ಬೇರಿಂಗಿನ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಕುಟ್ಟಿನ ಮೊರೆತಕ್ಕೆ ಗಾಳಿಯಲ್ಲಿ ಅಲೆಯ ಉದ್ದ ಸುಮಾರು 8 ಮೀಟರ್. ಸಣ್ಣ ಕಾರಿನ ಉದ್ದವೇ 4 ಮೀಟರಿನ ಒಳಗೆ. ಅಷ್ಟು ಉದ್ದದ ಅಲೆ ತಲೆಯ ಎರಡು ಬದಿಗೆ ತೋರುವ ಅಂತರ ತೀರಾ ಅಲ್ಪ. ಮೇಲಾಗಿ ಸದ್ದು ಬರುವುದು ಉಕ್ಕಿನ ಮೈಯನ್ನು ಹಿಡಿದು. ಹಿಂದಿನ ಬಲಗಾಲಿಯ ಕೂಗು ಡ್ರೈವರಿನ ಕಾಲ ಬುಡದಲ್ಲೇ ಹುಟ್ಟಿದಂತೆ ಕೇಳುವುದುಂಟು. ಕಿವಿಯ ಮಾತನ್ನೇ ನಂಬಿ ಬೇರಿಂಗ್ ಬಿಚ್ಚಿದವರು ಒಳ್ಳೆಯದನ್ನು ಕಿತ್ತು ಕೆಟ್ಟದ್ದನ್ನು ಬಿಟ್ಟಿರುವುದು ಹೀಗೆಯೇ.

ಆದ್ದರಿಂದ ಕೊನೆಯ ಸಾಕ್ಷಿ ಕೈ ಕೊಡಬೇಕು. ಗಟ್ಟಿ ನೆಲದ ಮೇಲೆ ಉಳಿದ ಗಾಲಿಗಳಿಗೆ ಅಡ್ಡ ಕಲ್ಲಿಟ್ಟು, ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟ ಮೇಲೆಯೇ ಪರೀಕ್ಷೆ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಮೈ ಹಾಕುವುದು ಪ್ರಾಣದ ಮೇಲಿನ ಆಟ. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲಕ್ಕೆ ಹಿಡಿದಾಗ ಮಾತ್ರ ಕಂಡರೆ ಸ್ಟೀರಿಂಗಿನ ಟೈ ರಾಡ್ ಎಂಡ್. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಸಡಿಲ ಮಾಯವಾದರೆ ಬೇರಿಂಗೇ. ಎಷ್ಟೋ ಬೇರಿಂಗುಗಳು ಸಡಿಲವಾಗದೆಯೂ ಕೂಗುತ್ತವೆ. ಅದಕ್ಕೆ ಒಂದು ಕೈಯಲ್ಲಿ ಗಾಲಿಯನ್ನು ತಿರುಗಿಸುತ್ತ ಇನ್ನೊಂದು ಕೈಯಿಂದ ಸಸ್ಪೆನ್ಷನ್ನಿನ ಸ್ಪ್ರಿಂಗನ್ನು ಮುಟ್ಟಿ ಹಿಡಿಯಬೇಕು. ಕೆಟ್ಟ ಬೇರಿಂಗಿನ ತರಿತರಿ ಸ್ಪ್ರಿಂಗಿನ ಮೂಲಕ ಬೆರಳಿಗೆ ನೇರವಾಗಿ ತಿಳಿಯುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಬ್ಬಿನ ತಿರುಗದ ಭಾಗಕ್ಕೆ ಆನಿಸಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಕೇಳುವ ಹಳೆಯ ಮೇಸ್ತ್ರಿಗಳೂ ಇದ್ದಾರೆ. ನಾಲ್ಕು ಗಾಲಿಗಳನ್ನೂ ಹೀಗೆ ಒಂದಾದ ಮೇಲೊಂದು ನೋಡಿ ಹೋಲಿಸಿದಾಗಲೇ ಕೆಟ್ಟದ್ದು ಎದ್ದು ಕಾಣುವುದು.

ಹೊಸ ಬೇರಿಂಗ್ ಕೂರಿಸುವುದೂ ಅಷ್ಟೇ ಮುಖ್ಯ. ಹೊರ ಉಂಗುರವನ್ನು ಹಿಡಿದು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕಾದದ್ದನ್ನು ಒಳ ಉಂಗುರಕ್ಕೆ ಸುತ್ತಿಗೆಯಿಂದ ಬಡಿದು ಕೂರಿಸಿದರೆ, ಹೊಡೆತವೆಲ್ಲ ಗುಂಡುಗಳ ಮೂಲಕ ಹಾದು ಹೊಸದರಲ್ಲೇ ತಗ್ಗು ಬೀಳುತ್ತದೆ. ಕೆಲವೇ ವಾರಗಳಲ್ಲಿ ಹಳೆಯ ಕೂಗು ಮತ್ತೆ. ಎ.ಬಿ.ಎಸ್. ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಕಾಂತೀಯ ಉಂಗುರವಿರುತ್ತದೆ. ಅದನ್ನು ತಿರುಗುಮುರುಗಾಗಿ ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ.

ಈಗಿನ ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಮಾಲೀಕರು ಕೌಂಟರಿನಲ್ಲಿ ಹೇಳಿದ್ದು ಜಾಬ್ ಕಾರ್ಡಿನಲ್ಲಿ ಎರಡು ಪದವಾಗಿ ಇಳಿಯುತ್ತದೆ; ಕೆಲಸ ಮಾಡುವ ಮೆಕ್ಯಾನಿಕ್ ಅವರನ್ನು ನೋಡಿಯೇ ಇರುವುದಿಲ್ಲ. ದಿನವೂ ಆ ಸದ್ದನ್ನು ಕೇಳಿದವರು ಒಬ್ಬರು, ಬಿಚ್ಚುವವರು ಇನ್ನೊಬ್ಬರು. ಕೀಲಿಕೈ ಕೊಡುವ ಮೊದಲು ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸದ್ದು ಬರುವ ರಸ್ತೆಯಲ್ಲಿ, ಸದ್ದು ಬರುವ ವೇಗದಲ್ಲಿ ಒಂದು ಸುತ್ತು ಹೋಗಿಬರಬೇಕೆಂದು ಕಾರಿನವರು ಪಟ್ಟುಹಿಡಿದು ಕೇಳಬೇಕು. ಅದು ಅವರ ಹಕ್ಕು. ವಿದ್ಯುತ್ ಕಾರುಗಳು ಹೆಚ್ಚಿದಂತೆ ಇದರ ಅಗತ್ಯ ಇನ್ನೂ ಹೆಚ್ಚುತ್ತದೆ. ಎಂಜಿನ್ನಿನ ಗದ್ದಲದ ಮರೆ ಇಲ್ಲದ ಆ ಕಾರುಗಳಲ್ಲಿ ಟೈರು, ಬೇರಿಂಗುಗಳ ಸಣ್ಣ ದನಿಯೂ ಬೇಗ ಕೇಳುತ್ತದೆ.

ರಿಪೇರಿಯಾದ ಮೇಲೂ ಅದೇ ರಸ್ತೆ, ಅದೇ ವೇಗ; ಅಲ್ಲಿ ಸದ್ದು ಇಲ್ಲವೆಂದಾದ ಮೇಲೆ ಬಿಲ್ಲು. ಬಿಚ್ಚಿದ ಹಳೆಯ ಬೇರಿಂಗನ್ನು ಕೇಳಿ ಪಡೆದು ಬೆರಳಲ್ಲಿ ತಿರುಗಿಸಿ ನೋಡಬೇಕು, ತರಿ ಇದ್ದರೆ ಅಲ್ಲೇ ತಿಳಿಯುತ್ತದೆ. ಗಾಲಿ ಬಿಚ್ಚಿ ಹಾಕಿದ ಯಾವ ಕೆಲಸವೇ ಆಗಿರಲಿ, ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿ ನೋಡಿಸಬೇಕು. ಕಾಲಿನಿಂದ ಪಾನಾದ ಮೇಲೆ ಹತ್ತಿ ನಿಂತಲ್ಲ. ಕಂಪನಿಯ ಕೈಪಿಡಿ ಹೇಳಿದ ಅಳತೆಗೆ, ಟಾರ್ಕ್ ವ್ರೆಂಚಿನಲ್ಲಿ.